ಯಾರೂ ಇಲ್ಲದ ಊರುಗಳ ಜನಸಂಖ್ಯೆ

ನಮ್ಮ ಮನೆಯ ಹೊಲಿಗೆ ಮೆಷಿನ್ನಿಗೆ ಒಂದು ಕಾಲು ಗಿಡ್ಡ. ಅಮ್ಮ ಮದುವೆಯಾದ ಹೊಸದರಲ್ಲಿ ಕೊಂಡದ್ದು. ಅಂಗಡಿಯಿಂದ ಬರುವಾಗಲೇ ಹಾಗಿತ್ತೋ, ಆರ್.ಟಿ. ನಗರದಿಂದ ಸಂಜಯನಗರದ ಈ ಮನೆಗೆ ಸಾಮಾನು ತಂದಾಗ ಟೆಂಪೋದವರು ಕುಕ್ಕಿ ಇಳಿಸಿದ್ದಕ್ಕೆ ಹಾಗಾಯಿತೋ ಎಂಬ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಿವೆ. ಎರಡರಲ್ಲಿ ಯಾವುದಕ್ಕೂ ಅದನ್ನು ರಿಪೇರಿ ಮಾಡಿಸುವ ಉತ್ಸಾಹವಿಲ್ಲ. ಗಿಡ್ಡ ಕಾಲಿನ ಅಡಿಗೆ ಒಂದು ಪುಸ್ತಕವನ್ನು ಎರಡಾಗಿ ಮಡಚಿ ಇಟ್ಟಿದ್ದೇವೆ, ಇಪ್ಪತ್ತೈದು ವರ್ಷದಿಂದ ಮೆಷಿನ್ನು ಅಲ್ಲಾಡದೆ ನಿಂತಿದೆ. ಆ ಪುಸ್ತಕ ನನ್ನ ಏಳನೇ ಕ್ಲಾಸಿನ ಅಟ್ಲಾಸು. ಮೇಲುಗಡೆಯ ಪುಟದಲ್ಲಿ ಹಿಂದೂ ಮಹಾಸಾಗರದ ನಡುವೆ ಕಬ್ಬಿಣದ ಕಾಲು ಊರಿ ಊರಿ ಒಂದು ಗುಳಿ ಬಿದ್ದಿದೆ. ಜಗತ್ತಿನ ಭಾರ ಹೊತ್ತವರ ಕತೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಹೊಲಿಗೆ ಮೆಷಿನ್ನಿನ ಭಾರ ಹೊತ್ತ ಜಗತ್ತು ಮಾತ್ರ ನಮ್ಮ ಮನೆಯಲ್ಲಿದೆ.

ಮೊನ್ನೆ ಅದನ್ನು ಅಲ್ಲಿಂದ ಎಳೆಯಬೇಕಾಯಿತು. ಯಾಕೆಂದು ಹೇಳುವ ಮೊದಲು ನಾವು ಆಡುತ್ತಿದ್ದ ಒಂದು ಆಟದ ವಿಷಯ ಹೇಳಬೇಕು. ಈ ಆಟವನ್ನು ನಿಮ್ಮಲ್ಲಿ ಯಾರೂ ಆಡಿರಲಾರರು. ಏಕೆಂದರೆ ಅದನ್ನು ಕಂಡುಹಿಡಿದವಳು ನಾನೇ, ಹಾಳು ಮಾಡಿದವಳೂ ನಾನೇ.

ನಾವು ಚಿಕ್ಕವರಿದ್ದಾಗ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಮರಳಿನ ರಾಶಿಗಳು ಹೆಚ್ಚಿದ್ದವು. ಯಾವ ಕ್ರಾಸಿಗೆ ಹೋದರೂ ಯಾರೋ ಒಬ್ಬರು ಮನೆ ಕಟ್ಟಿಸುತ್ತಿದ್ದರು. ಒಂದು ರಾಶಿ ಕರಗಿ ಮನೆಯಾಗುವಷ್ಟರಲ್ಲಿ ಪಕ್ಕದ ಸೈಟಿನಲ್ಲಿ ಇನ್ನೊಂದು ರಾಶಿ ಬಿದ್ದಿರುತ್ತಿತ್ತು. ನಾವು ರಾಶಿಯಿಂದ ರಾಶಿಗೆ ವಲಸೆ ಹೋಗುತ್ತಿದ್ದೆವು. ನಾವು ಎಂದರೆ ನಾಲ್ಕು ಜನ: ನಾನು, ಪಕ್ಕದ ಮನೆಯ ಉಷಾ ಮತ್ತು ಲತಾ ಎಂಬ ಅಕ್ಕತಂಗಿಯರು, ಎರಡು ಕ್ರಾಸ್ ಆಚೆಯ ತಸ್ನೀಮ್. ತಸ್ನೀಮಳ ಅಬ್ಬಾ ಮೇನ್ ರೋಡಿನಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದರು. ಸ್ಕೂಲಿನಿಂದ ನೇರವಾಗಿ ಅಂಗಡಿಗೆ ಹೋಗಿ ಬರುತ್ತಿದ್ದುದರಿಂದ ಅವಳ ಜಡೆಯಲ್ಲಿ ಯಾವಾಗಲೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಮನೆಯಲ್ಲಿ ಅವರು ಉರ್ದು ಮಾತಾಡುತ್ತಿದ್ದರು. ಆದರೂ ಕನ್ನಡ ವ್ಯಾಕರಣದಲ್ಲಿ ಅವಳಿಗೆ ನನಗಿಂತ ಹೆಚ್ಚು ಮಾರ್ಕ್ಸ್ ಬರುತ್ತಿತ್ತು. ಇದನ್ನು ನಾನು ಆಗಲೂ ಮರೆಯಲಿಲ್ಲ, ಈಗಲೂ ಮರೆತಿಲ್ಲ.

ಅಟ್ಲಾಸಿನ ಕೊನೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದರಲ್ಲಿ ಜಗತ್ತಿನ ದೇಶಗಳು ಮತ್ತು ಅವುಗಳ ಜನಸಂಖ್ಯೆ, ಇನ್ನೊಂದರಲ್ಲಿ ಭಾರತದ ದೊಡ್ಡ ನಗರಗಳು ಮತ್ತು ಅವುಗಳ ಜನಸಂಖ್ಯೆ. ಬೇಸಿಗೆ ರಜದಲ್ಲಿ ಎಲ್ಲ ಆಟ ಮುಗಿದು ಬೇಜಾರಾದ ಒಂದು ದಿನ ನಾನು ಮರಳಿನ ಮೇಲೆ ಕೂತು ಹೊಸ ಆಟವನ್ನು ಘೋಷಿಸಿದೆ. ಒಬ್ಬಳು ಪುಸ್ತಕ ಮುಚ್ಚಿಟ್ಟುಕೊಂಡು ಒಂದು ದೇಶದ ಹೆಸರು ಹೇಳಬೇಕು. ಉಳಿದವರು ಅದರ ಜನಸಂಖ್ಯೆಯ ಮೊದಲ ಅಂಕಿ ಯಾವುದೆಂದು ಹೇಳಬೇಕು. ಕೋಟಿಯೋ ಲಕ್ಷವೋ ಸಾವಿರವೋ ಬೇಕಿಲ್ಲ, ಎಡಗಡೆಯ ಮೊದಲ ಅಂಕಿ ಅಷ್ಟೇ. ಸರಿಯಾಗಿ ಹೇಳಿದವಳಿಗೆ ಉಳಿದವರೆಲ್ಲ ಒಂದೊಂದು ಬಳೆ ಚೂರು ಕೊಡಬೇಕು. ಆ ಕಾಲದ ಹುಡುಗಿಯರಿಗೆ ಬಳೆ ಚೂರು ಎಂದರೆ ಏನೆಂದು ವಿವರಿಸಲು ಹೋಗುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು. ಪೌಡರ್ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದರೆ ಬರುವ ಸದ್ದಿಗೇ ಊಟ ಸೇರುತ್ತಿರಲಿಲ್ಲ.

ನಾನು ಯಾವಾಗಲೂ ಏಳು ಎನ್ನುತ್ತಿದ್ದೆ. ನಾನು ಹುಟ್ಟಿದ್ದು ಏಳನೇ ತಾರೀಖು, ರಜ ಮುಗಿದರೆ ಏಳನೇ ಕ್ಲಾಸು, ನಮ್ಮ ಮನೆಯ ನಂಬರೂ ಏಳು. ಇಷ್ಟೆಲ್ಲ ಇರುವಾಗ ಜಗತ್ತಿನ ದೇಶಗಳು ನನಗಾಗಿ ಏಳರಿಂದ ಶುರುವಾಗುವುದು ನ್ಯಾಯವೆಂದು ನನಗೆ ತೋರಿತ್ತು. ಉಷಾಳದು ಬೇರೆ ಲೆಕ್ಕ. ದೊಡ್ಡ ದೇಶವಾದರೆ ಒಂಬತ್ತು, ಸಣ್ಣ ದೇಶವಾದರೆ ಎರಡು. ಲತಾ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸಿ ಹೇಳುತ್ತಿದ್ದಳು. ಹಾಗಾಗಿ ಎಷ್ಟೋ ಸಲ ಹತ್ತು ಎಂದು ಹೇಳಿ ಬೈಸಿಕೊಂಡಿದ್ದಾಳೆ. ತಸ್ನೀಮ್ ಮೊದಮೊದಲು ಬಾಯಿಗೆ ಬಂದದ್ದು ಹೇಳುತ್ತಿದ್ದಳು. ನಾಲ್ವರೂ ಸಮನಾಗಿ ಸೋಲುತ್ತಾ ಸುಖವಾಗಿದ್ದೆವು.

ಆಮೇಲೆ ತಸ್ನೀಮ್ ಅಟ್ಲಾಸನ್ನು ಒಂದು ವಾರಕ್ಕೆ ಕಡ ಕೇಳಿದಳು. ನಕ್ಷೆ ಬರೆಯುವ ರಜದ ಹೋಂವರ್ಕ್ ಇತ್ತು, ಅವಳ ಮನೆಯ ಅಟ್ಲಾಸು ಅಣ್ಣಂದಿರ ಕೈಯಲ್ಲಿ ಹರಿದು ಆಫ್ರಿಕಾ ಪೂರ್ತಿ ಹೋಗಿತ್ತು. ಕೊಟ್ಟೆ. ವಾರ ಬಿಟ್ಟು ವಾಪಸ್ ತಂದುಕೊಟ್ಟಳು. ಅವತ್ತಿನಿಂದ ಅವಳು ಆಟದಲ್ಲಿ ಒಂದೇ ಉತ್ತರ ಹೇಳತೊಡಗಿದಳು. ಅದು "ಒಂದು".

ನೇಪಾಳ ಅಂದರೆ ಒಂದು. ಶ್ರೀಲಂಕಾ ಅಂದರೆ ಒಂದು. ಜಪಾನ್ ಅಂದರೂ ಒಂದು, ಆಸ್ಟ್ರೇಲಿಯಾ ಅಂದರೂ ಒಂದು. ಪುಸ್ತಕ ತೆರೆದು ನೋಡಿದರೆ ನಾಲ್ಕೂ ಸರಿ. ಬೇರೆ ಪಟ್ಟಿಗೆ ಹೋದರೂ ಅದೇ ಕತೆ. ಮೇಲಿನ ಕಲ್ಕತ್ತಾ, ಬೊಂಬಾಯಿಗಳನ್ನು ಬಿಟ್ಟು ಕೆಳಗೆ ಇಳಿದರೆ ಕಾನ್ಪುರ, ಪುಣೆ, ನಾಗಪುರ ಎಲ್ಲವೂ ಒಂದರಿಂದಲೇ ಶುರು. ಪ್ರತಿ ಸಲ ಗೆದ್ದಳೆಂದಲ್ಲ, ಹತ್ತರಲ್ಲಿ ಮೂರು ಸಲ ಗೆಲ್ಲುತ್ತಿದ್ದಳು. ನಾವು ಹತ್ತರಲ್ಲಿ ಒಂದು ಸಲ ಗೆದ್ದರೆ ಹಬ್ಬ. ಎರಡು ವಾರದಲ್ಲಿ ಅವಳ ಡಬ್ಬಿ ತುಂಬಿತು, ನನ್ನ ಡಬ್ಬಿಯ ತಳ ಕಂಡಿತು.

ಒಂದು ದಿನ ಮನೆಯಲ್ಲಿ ಅಟ್ಲಾಸಿನ ಕೊನೆಯ ಪುಟ ತೆರೆದು ನೋಡಿದೆ. ಒಂದರಿಂದ ಶುರುವಾಗುವ ಪ್ರತಿ ದೇಶದ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಟಿಕ್ಕು. ಪುಟದ ಕೆಳಗೆ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದು, ಒಂದೊಂದರ ಮುಂದೆ ಕಡ್ಡಿ ಗೀಟುಗಳನ್ನು ಎಳೆದಿದ್ದಳು. ನಾಲ್ಕು ಗೀಟು, ಅಡ್ಡ ಒಂದು. ಮತ್ತೆ ನಾಲ್ಕು, ಅಡ್ಡ ಒಂದು. ಏಳರ ಸಾಲಿಗೆ ಮಾತ್ರ, ಯಾಕೋ ಗೊತ್ತಿಲ್ಲ, ಸುತ್ತಲೂ ಒಂದು ಗೆರೆ ಎಳೆದಿದ್ದಳು. ನನ್ನ ಪುಸ್ತಕದಲ್ಲಿ ಗೀಚಿದ್ದಾಳೆಂಬ ಸಿಟ್ಟು ಒಂದು ಕಡೆ. ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ನಮಗೆ ಮೋಸ ಮಾಡುತ್ತಿದ್ದಾಳೆ ಎಂಬ ಜ್ಞಾನೋದಯ ಇನ್ನೊಂದು ಕಡೆ. ಪೂರ್ತಿ ಬಾಯಿಪಾಠ ಮಾಡಿದವಳು ಹತ್ತಕ್ಕೆ ಹತ್ತೂ ಗೆಲ್ಲಬೇಕಿತ್ತಲ್ಲ, ಬರೀ ಒಂದು ಒಂದು ಎಂದೇಕೆ ಹೇಳುತ್ತಾ ಕೂರುತ್ತಿದ್ದಳು? ಈ ಪ್ರಶ್ನೆ ನನಗೆ ಹೊಳೆಯಲು ನಲವತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು. ನಾನು ಗಣಿತದ ಟೀಚರು ಎಂಬುದನ್ನು ದಯವಿಟ್ಟು ಇಲ್ಲಿ ಯಾರೂ ನೆನಪಿಸಬಾರದು.

ಅವಳನ್ನು ಹಿಡಿಯಲು ಒಂದು ಉಪಾಯ ಮಾಡಿದೆ. ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಕೂತು ಹದಿನೈದು ದೇಶಗಳನ್ನು ಹುಟ್ಟಿಸಿದೆ. ತಲಿಸ್ತಾನ್, ಕಂಬೋರಾ, ಪೆರುಗಾಲ್, ಉತ್ತರ ಜಾಂಬಿಸಿ ಎಂದೆಲ್ಲ ಹೆಸರು. ಹೆಸರು ಸುಲಭ, ಜನಸಂಖ್ಯೆ ಕಷ್ಟ. ನೋಡಿದರೆ ನಂಬುವ ಹಾಗಿರಬೇಕು. ಒಂದು ಕೋಟಿ ಎಂದು ಬರೆದರೆ ಯಾರೋ ಅಂದಾಜಿಗೆ ಹೇಳಿದ ಹಾಗಿರುತ್ತದೆ. ಎಪ್ಪತ್ತಮೂರು ಲಕ್ಷದ ಎಂಬತ್ತಾರು ಸಾವಿರದ ನಾನೂರ ಇಪ್ಪತ್ತೊಂಬತ್ತು ಎಂದರೆ ಯಾರೋ ಮನೆಮನೆಗೆ ಹೋಗಿ ಎಣಿಸಿಕೊಂಡು ಬಂದ ಹಾಗಿರುತ್ತದೆ. ಹೀಗೆ ಯೋಚಿಸಿ ಮೂರು, ಐದು, ಆರು, ಏಳು, ಎಂಟುಗಳನ್ನು ದೇಶಗಳಿಗೆ ಹಂಚಿದೆ. ಒಂದಕ್ಕೆ ಜಾಗ ಸಿಗಲಿಲ್ಲ. ಬೇಕೆಂದೇ ಬಿಟ್ಟೆನೋ, ತಾನಾಗಿ ಬಿಟ್ಟುಹೋಯಿತೋ, ಈಗಲೂ ನನಗೆ ಖಚಿತವಿಲ್ಲ. ಖಚಿತವಿಲ್ಲ ಎನ್ನುವುದು ನನ್ನ ಅನುಕೂಲಕ್ಕೆ ಹೇಳುತ್ತಿರುವ ಮಾತು ಎಂದು ನೀವು ತಿಳಿದರೆ ನನ್ನ ಆಕ್ಷೇಪವಿಲ್ಲ.

ಮಾರನೇ ದಿನ ಆ ಹಾಳೆಯನ್ನು ಅಟ್ಲಾಸಿನೊಳಗೆ ಇಟ್ಟುಕೊಂಡು ಮರಳಿನ ರಾಶಿಗೆ ಹೋದೆ. ಮಾವನ ಮನೆಯ ಹೊಸ ಅಟ್ಲಾಸಿನಿಂದ ಹೊಸ ದೇಶಗಳನ್ನು ಬರೆದುಕೊಂಡು ಬಂದಿದ್ದೇನೆ ಎಂದೆ. ಉಷಾ, ಲತಾ ನಂಬಿದರು. ತಸ್ನೀಮ್ ಪ್ರತಿ ಸಲವೂ ಒಂದು ಎಂದಳು. ಹದಿನೈದಕ್ಕೆ ಹದಿನೈದೂ ತಪ್ಪು. ಅವಳ ಮುಖ ಸಪ್ಪಗಾಗುತ್ತಾ ಬಂತು. ಕೊನೆಗೆ ಕೈ ಚಾಚಿದಳು.

"ಪುಸ್ತಕ ತೋರ್ಸು ಗಿರಿಜಾ."

"ಯಾಕೆ ತೋರಿಸ್ಬೇಕು?"

"ಈ ಊರುಗಳಲ್ಲಿ ಯಾರೂ ಇಲ್ಲ ಕಣೇ." ದೇಶಗಳನ್ನೂ ಅವಳು ಊರು ಎಂದೇ ಕರೆಯುತ್ತಿದ್ದಳು.

"ನೀನು ಬಾಯಿಪಾಠ ಮಾಡ್ಕೊಂಡಿರೋ ಪುಸ್ತಕ ಆದ್ರೆ ಗೆಲ್ತೀಯ. ಬೇರೆ ಪುಸ್ತಕ ಆದ್ರೆ ಒಂದೂ ಬರಲ್ಲ. ಕಳ್ಳಿ ನೀನು," ಎಂದೆ.

ಅಕ್ಕತಂಗಿಯರು ಕೂಡಲೇ ನನ್ನ ಪಕ್ಷ ಸೇರಿದರು. ಅವರ ಡಬ್ಬಿಗಳೂ ಖಾಲಿಯಾಗಿದ್ದವಲ್ಲ. ನಾನು ತಸ್ನೀಮಳ ಡಬ್ಬಿ ಕಿತ್ತುಕೊಂಡು ಮರಳಿನ ಮೇಲೆ ಸುರಿದೆ. ಮೂವರೂ ಹಂಚಿಕೊಂಡೆವು. ಅವಳು ಖಾಲಿ ಡಬ್ಬಿಯ ಮುಚ್ಚಳ ಹುಡುಕಿ ಹಾಕಿಕೊಂಡು ಮನೆಗೆ ಹೋದಳು. ಸ್ಕೂಲು ಶುರುವಾದಾಗ ಬೇರೆ ಬೆಂಚಿನಲ್ಲಿ ಕೂತಳು, ಹೈಸ್ಕೂಲಿಗೆ ಬೇರೆ ಸ್ಕೂಲು ಸೇರಿದಳು. ಆಟವೂ ಅಲ್ಲಿಗೆ ನಿಂತಿತು. ಯಾರೂ ಗೆಲ್ಲದ ಆಟವನ್ನು ಎಷ್ಟು ದಿನ ಆಡುತ್ತೀರಿ.

ಇಲ್ಲಿ ನಮ್ಮ ಅಜ್ಜಿಯ ವಿಷಯ ಹೇಳಬೇಕು. ಅದಕ್ಕೂ ಇದಕ್ಕೂ ಸಂಬಂಧ ಆಮೇಲೆ ಬರುತ್ತದೆ, ಬರದಿದ್ದರೂ ಹೇಳುತ್ತಿದ್ದೆ. ಅಪ್ಪನ ಅಮ್ಮ ಸಿಂಗಾಪುರದಲ್ಲಿದ್ದಳು. ವಿದ್ಯಾರಣ್ಯಪುರದ ಹತ್ತಿರ ಈಗ ಬರೀ ಲೇಔಟುಗಳಾಗಿರುವ ಸಿಂಗಾಪುರ, ಆಗ ರಾಗಿ ಹೊಲಗಳ ನಡುವಿನ ಹಳ್ಳಿ. ಅಟ್ಲಾಸಿನ ಪಟ್ಟಿಯಲ್ಲಿ ಸಿಂಗಾಪುರದ ಹೆಸರು ನೋಡಿದ ದಿನ ಬಸ್ಸಿಳಿದವಳೇ ಓಡಿ ಹೋಗಿ, "ಅಜ್ಜೀ, ಸಿಂಗಾಪುರದಲ್ಲಿ ಇಪ್ಪತ್ತು ಲಕ್ಷಕ್ಕಿಂತ ಜಾಸ್ತಿ ಜನ ಇದಾರಂತೆ," ಎಂದು ಓದಿ ಹೇಳಿದ್ದೆ. ಅಜ್ಜಿ ಹುರುಳಿಕಾಳು ಕೇರುವುದನ್ನು ನಿಲ್ಲಿಸಲಿಲ್ಲ.

"ಅಷ್ಟ್ ಜನಕ್ಕೆ ನೀರ್ ಎಲ್ಲೈತೆ ಮಗಾ," ಎಂದಳು. ಆಮೇಲೆ, "ಬರ್ದೋರು ಯಾರೋ ಇಂಗೆ ಬಂದೇ ಇಲ್ಲ ಬಿಡು. ನಮ್ಮೂರಾಗೆ ಇರಾದು ಒಂದ್ನೂರ್ ಚಿಲ್ರೆ ಒಲೆ."

ಅಜ್ಜಿ ಊರನ್ನು ತಲೆಯ ಮೇಲಲ್ಲ, ಒಲೆಯ ಮೇಲೆ ಎಣಿಸುತ್ತಿದ್ದಳು. ಅವಳು ಮದುವೆಯಾಗಿ ಬಂದಾಗ ಒಂದ್ನೂರ್ ಚಿಲ್ರೆ ಒಲೆ. ನಮ್ಮಪ್ಪ ಹುಟ್ಟಿದಾಗ ಒಂದ್ನೂರ್ ಚಿಲ್ರೆ. ನಮ್ಮಪ್ಪನ ಮದುವೆಯಲ್ಲಿ ಮನೆಮನೆಗೆ ವೀಳ್ಯ ಕೊಟ್ಟಾಗಲೂ ಒಂದ್ನೂರ್ ಚಿಲ್ರೆ. ಜೀವಮಾನವಿಡೀ ಊರು ಒಂದರಲ್ಲೇ ಕೂತಿತ್ತು. ಅವಳು ಹೋದ ಮೇಲೆ ಎದ್ದದ್ದು ಎಂಥ ಓಟ ಓಡಿತೆಂದರೆ, ಜನಗಣತಿ ಡ್ಯೂಟಿಗೆ ಒಮ್ಮೆ ನನ್ನನ್ನು ಆ ಕಡೆಗೇ ಹಾಕಿದಾಗ ಅಜ್ಜಿಯ ಬೀದಿಯನ್ನು ಅಲ್ಲಿದ್ದವರ ಹತ್ತಿರ ಕೇಳಿಕೊಂಡು ಹುಡುಕಬೇಕಾಯಿತು. ಹುಣಸೆ ಮರ ಇದ್ದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿತ್ತು. ಪ್ರತಿ ಬಾಗಿಲಲ್ಲೂ ಫಾರಂ ಹಿಡಿದು ನಿಂತು ಮನೆಯಲ್ಲಿ ಎಷ್ಟು ಜನ ಎಂದು ಕೇಳುವಾಗ, ನನಗೆ ಒಲೆ ಎಷ್ಟು ಎಂದು ಕೇಳಬೇಕೆನಿಸುತ್ತಿತ್ತು.

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ. ನಾನು ಹೆಬ್ಬಾಳದ ಆಚೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ನಿವೃತ್ತಿಗೆ ಇನ್ನೂ ಸ್ವಲ್ಪ ಸಮಯವಿದೆ. ಟೀಚರುಗಳಿಗೆ ಆಗಾಗ ತರಬೇತಿ ಎಂದು ಕರೆಯುತ್ತಾರೆ. ಹೋದರೆ ಮಧ್ಯಾಹ್ನದ ಊಟದ ಸಾರು ಹೇಗಿತ್ತು ಎಂಬುದು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ಈ ಸಲ ಬಂದ ಲೆಕ್ಚರರು ನಮ್ಮ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗ. ಬಂದವನೇ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟ. ಅರ್ಧ ಜನ ಪುಸ್ತಕ ನೋಡಿ ಇಪ್ಪತ್ತು ನಿಜವಾದ ಊರುಗಳ ಜನಸಂಖ್ಯೆ ಬರೆಯಬೇಕು. ಉಳಿದವರು ಇಪ್ಪತ್ತು ಊರುಗಳ ಜನಸಂಖ್ಯೆಯನ್ನು ಸ್ವಂತ ತಲೆಯಿಂದ ಹುಟ್ಟಿಸಿ ಬರೆಯಬೇಕು. ಯಾರು ಯಾವ ಕಡೆ ಎಂದು ಅವನಿಗೆ ಹೇಳಬಾರದು. ಇಷ್ಟು ಹೇಳಿ ಹೊರಗೆ ಹೋಗಿ ನಿಂತ.

ನಾನು ಹುಟ್ಟಿಸುವವರ ಗುಂಪಿನಲ್ಲಿದ್ದೆ. ಬಹಳ ಎಚ್ಚರಿಕೆಯಿಂದ, ಯಾರೂ ಬೆರಳು ತೋರಿಸದ ಹಾಗೆ ಬರೆದೆ.

ಒಳಗೆ ಬಂದ ಹುಡುಗ ಹಾಳೆಗಳನ್ನು ಒಂದೊಂದಾಗಿ ಎತ್ತಿ, ಇದು ನಿಜ, ಇದು ಸುಳ್ಳು, ಇದು ಸುಳ್ಳು, ಇದು ನಿಜ ಎಂದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬೇರೆ ಮಾಡಿದ. ಒಂದು ಹಾಳೆಯೂ ತಪ್ಪಲಿಲ್ಲ. ನನ್ನ ಹಾಳೆ ಕೈಗೆ ಬಂದಾಗ ನಕ್ಕ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಊರುಗಳಲ್ಲಿ ಯಾರೂ ಇಲ್ಲ."

ಸುತ್ತಲಿದ್ದವರು ನಕ್ಕರು. ನನಗೆ ಕೂತಲ್ಲೇ ಮರಳಿನ ರಾಶಿ ಕಾಲಡಿ ಜಾರಿದ ಹಾಗಾಯಿತು. ಅವನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದ. ನಿಜವಾದ ಊರುಗಳ ಜನಸಂಖ್ಯೆ ತೆಗೆದುಕೊಂಡರೆ ನೂರರಲ್ಲಿ ಸುಮಾರು ಮೂವತ್ತು ಒಂದರಿಂದ ಶುರುವಾಗುತ್ತವೆ. ಎರಡು ಅದಕ್ಕಿಂತ ಕಡಿಮೆ, ಮೂರು ಇನ್ನೂ ಕಡಿಮೆ, ಹೀಗೆ ಇಳಿಯುತ್ತಾ ಒಂಬತ್ತು ನೂರರಲ್ಲಿ ಐದೂ ಇರುವುದಿಲ್ಲ. ದೇಶಗಳಿಗೂ ಇದೇ, ಊರುಗಳಿಗೂ ಇದೇ. ಯಾಕೆಂದರೆ ಊರು ಇದ್ದುದರ ಮೇಲೆ ಇಷ್ಟಿಷ್ಟು ಎಂದು ಬೆಳೆಯುತ್ತದೆ. ಒಂದು ಲಕ್ಷ ಎರಡು ಲಕ್ಷವಾಗಬೇಕಾದರೆ ಊರಿಗೆ ಊರೇ ಇನ್ನೊಂದು ಹುಟ್ಟಬೇಕು, ಅದಕ್ಕೆ ಬಹಳ ಕಾಲ ಬೇಕು. ಎಂಟು ಒಂಬತ್ತಾಗಲು, ಒಂಬತ್ತು ಹತ್ತಾಗಲು ಹೆಚ್ಚು ಹೊತ್ತು ಬೇಕಿಲ್ಲ. ಹತ್ತಾದರೆ ಮತ್ತೆ ಮೊದಲ ಅಂಕಿ ಒಂದೇ. ಆದ್ದರಿಂದ ಯಾವ ದಿನ ಹೋಗಿ ನೋಡಿದರೂ ಹೆಚ್ಚಿನ ಊರುಗಳು ಒಂದರಲ್ಲೇ ಕೂತಿರುತ್ತವೆ. ತಲೆಯಿಂದ ಹುಟ್ಟಿಸುವವರಿಗೆ ಇದು ಗೊತ್ತಿರುವುದಿಲ್ಲ, ಎಲ್ಲ ಅಂಕಿಗಳಿಗೂ ಸಮನಾಗಿ ಹಂಚುತ್ತಾರೆ, ಅದರಲ್ಲೂ ಏಳನ್ನು ಕಂಡರೆ ಪ್ರೀತಿ ಜಾಸ್ತಿ.

ಒಂದ್ನೂರ್ ಚಿಲ್ರೆ ಒಲೆ ಎಂದು ಅಜ್ಜಿ ಹೇಳಿದ್ದೂ ಇದನ್ನೇ. ತಸ್ನೀಮ್ ಹೇಳಿದ್ದೂ ಇದನ್ನೇ. ಒಬ್ಬಳು ಶಾಲೆಗೆ ಹೋಗದ ಮುದುಕಿ, ಇನ್ನೊಬ್ಬಳು ಹನ್ನೆರಡು ವರ್ಷದ ಹುಡುಗಿ. ಗಣಿತದಲ್ಲಿ ಡಿಗ್ರಿ ಪಡೆದ ನಾನು ಸಾರು ಹೇಗಿತ್ತೆಂದು ಗಮನಿಸದೆ ಮನೆಗೆ ಬಂದೆ.

"ಮೆಷಿನ್ ಸ್ವಲ್ಪ ಎತ್ತಿ ಹಿಡ್ಕೊಳ್ರೀ," ಎಂದೆ ನಮ್ಮ ಯಜಮಾನರಿಗೆ.

"ಈಗ ಯಾಕೆ?"

"ಆ ಪುಸ್ತಕ ಬೇಕು."

"ಅದಿಲ್ದಿದ್ರೆ ಮೆಷಿನ್ ಅಲ್ಲಾಡುತ್ತೆ ಕಣೇ."

"ಅಲ್ಲಾಡ್ಲಿ," ಎಂದೆ.

ಮಡಿಕೆಯ ಒಳಗಡೆ ಸಿಕ್ಕಿದ್ದರಿಂದ ಕೊನೆಯ ಪುಟಗಳು ಚೆನ್ನಾಗಿಯೇ ಇದ್ದವು. ಪೆನ್ಸಿಲ್ ಮಸುಕಾಗಿದ್ದರೂ ಓದಬಹುದಿತ್ತು. ಒಂದರ ಮುಂದೆ ಗೀಟುಗಳ ಉದ್ದನೆಯ ಸಾಲು. ಎರಡರದು ಅದಕ್ಕಿಂತ ಗಿಡ್ಡ. ಕೆಳಗೆ ಹೋದಂತೆ ಗಿಡ್ಡವಾಗುತ್ತಾ, ಒಂಬತ್ತಕ್ಕೆ ಬರುವಷ್ಟರಲ್ಲಿ ಕೆಲವೇ ಗೀಟು. ಬೆಳಿಗ್ಗೆ ಬೋರ್ಡಿನ ಮೇಲೆ ಆ ಹುಡುಗ ಬರೆದ ಚಿತ್ರವೇ ಇದು. ಹಾಸಿಗೆ ಅಂಗಡಿಯ ಮೂಲೆಯಲ್ಲಿ ಕೂತು ಒಂದು ಹುಡುಗಿ ಜಗತ್ತಿನ ದೇಶಗಳನ್ನೆಲ್ಲ ಒಂದೊಂದಾಗಿ ಎಣಿಸಿದ್ದಳು. ಅವಳನ್ನು ನಾನು ಕಳ್ಳಿ ಎಂದಿದ್ದೆ. ನನಗೆ ತುಂಬ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ನಾಚಿಕೆ ಎಂಬುದು ಮಂಡಿ ನೋವಿನ ಹಾಗೆ, ಒಮ್ಮೆ ಬಂದರೆ ಸುಲಭಕ್ಕೆ ಹೋಗುವುದಿಲ್ಲ. ಹೋಗಿ ಅವಳ ಮುಂದೆ ನಿಂತು ತಪ್ಪಾಯಿತು ಎನ್ನದೆ ನನಗೆ ನೆಮ್ಮದಿಯಿಲ್ಲ ಎಂದು ಗೊತ್ತಾಯಿತು. ಅವಳು ಬಾಗಿಲು ತೆರೆದು ನಿನ್ನನ್ನು ನೋಡಲು ಇಷ್ಟವಿಲ್ಲ ಎಂದರೆ ಏನು ಮಾಡುವುದೆಂದು ಮಾತ್ರ ಗೊತ್ತಾಗಲಿಲ್ಲ.

ತಸ್ನೀಮಳನ್ನು ಹುಡುಕಲು ಬಹಳ ಕಷ್ಟಪಟ್ಟೆ ಎಂದು ಬರೆಯಲು ಆಸೆಯಿದೆ. ಕಷ್ಟವೇನೂ ಆಗಲಿಲ್ಲ. ಅವರ ಹಾಸಿಗೆ ಅಂಗಡಿ ಇದ್ದಲ್ಲೇ ಇದೆ. ಅವಳ ತಮ್ಮ ನಡೆಸುತ್ತಾನೆ, ಗಡ್ಡ ಬೆಳ್ಳಗಾಗಿದೆ. ಹತ್ತು ವರ್ಷದ ಹಿಂದೆ ನಾನು ಅಲ್ಲೇ ಎರಡು ದಿಂಬು ಕೊಂಡಿದ್ದೆ. ಅಕ್ಕ ಎಲ್ಲಿದ್ದಾಳೆ ಎಂದು ಆಗ ಒಂದು ಮಾತು ಕೇಳಿರಲಿಲ್ಲ, ದಿಂಬು ಗಟ್ಟಿಯಾಯಿತು ಎಂದು ಮಾತ್ರ ಹೇಳಿದ್ದೆ.

"ಆಪಾ ಯಲಹಂಕದಲ್ಲಿ ಇದಾರೆ ಮೇಡಂ, ಓಲ್ಡ್ ಟೌನ್," ಎಂದ ತಮ್ಮ. "ನರ್ಸ್ ಆಗಿದ್ರಲ್ಲ, ಹೋದ್ ವರ್ಷ ಮುಂಚೇನೇ ರಿಟೈರ್ಮೆಂಟ್ ತಗೊಂಡ್ರು. ನಿಮ್ ಹೆಸ್ರು ಏನಂತ ಹೇಳ್ಲಿ?"

"ಹೇಳ್ಬೇಡಿ. ನಾನೇ ಹೋಗ್ತೀನಿ."

ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ಹಣ್ಣು, ಸ್ವೀಟು ತೆಗೆದುಕೊಂಡು ಹೋದರೆ ಸೀಮಂತಕ್ಕೆ ಹೋದ ಹಾಗಾಗುತ್ತದೆ. ಕಿತ್ತುಕೊಂಡದ್ದು ಬಳೆ ಚೂರು, ಕೊಡಬೇಕಾದದ್ದೂ ಅದೇ. ಆದರೆ ಈಗ ಬಳೆ ಚೂರು ಎಲ್ಲಿ ಸಿಗುತ್ತದೆ? ಒಂದು ಡಜನ್ ಗಾಜಿನ ಬಳೆ ಕೊಂಡು ಕಲ್ಲಿನ ಮೇಲೆ ಇಟ್ಟು ಒಡೆಯೋಣವೆಂದುಕೊಂಡೆ. ಹಿತ್ತಲಲ್ಲಿ ಗುಂಡುಕಲ್ಲು ಎತ್ತಿದ್ದೇ ತಡ, ಪಕ್ಕದ ಮನೆಯ ಸರೋಜಮ್ಮ ಕಾಂಪೌಂಡಿನ ಮೇಲಿಂದ ನೋಡಿ, "ಏನ್ರೀ ಇದು, ಮುತ್ತೈದೆ ಕೈಯಾರೆ ಬಳೆ ಒಡಿಯೋದಾ," ಎಂದು ಎದೆ ಹಿಡಿದುಕೊಂಡರು. ಅವರಿಗೆ ಆಸ್ಟ್ರೇಲಿಯಾದ ಜನಸಂಖ್ಯೆಯಿಂದ ಶುರುಮಾಡಿ ಕತೆ ಹೇಳಲು ಸಾಧ್ಯವಿರಲಿಲ್ಲ. ಕಲ್ಲು ಕೆಳಗಿಟ್ಟು ಬಳೆ ಅಂಗಡಿಗೆ ನಡೆದೆ. ಒಡೆದ ಬಳೆ ಇದ್ದರೆ ಕೊಡಿ ಎಂದದ್ದಕ್ಕೆ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎರಡು ಸಲ ಕೇಳಿ ಖಚಿತಪಡಿಸಿಕೊಂಡ ಮೇಲೆ ಗಲ್ಲಾದ ಕೆಳಗಿನಿಂದ ಒಂದು ಡಬ್ಬ ಎಳೆದು, ಕೆಂಪು, ಹಸಿರು, ಬಂಗಾರದ ಚುಕ್ಕಿಯವು ಎಲ್ಲ ಸೇರಿಸಿ ಪೊಟ್ಟಣ ಕಟ್ಟಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಮೊದಲ ಸಲ ಹೊರಟವಳು ಯಲಹಂಕದ ಬಸ್ ಹತ್ತದೆ ಹೆಬ್ಬಾಳದಿಂದಲೇ ವಾಪಸ್ ಬಂದೆ. ಬಿಸಿಲು ಜಾಸ್ತಿ ಎಂದು ಮನೆಯಲ್ಲಿ ಹೇಳಿದೆ. ಎರಡನೇ ಸಲ ಹೋದೆ.

ಬಾಗಿಲು ತೆರೆದವಳ ಕೂದಲು ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಗಿರಿಜಾ ಅಲ್ವಾ," ಎಂದಳು. "ಬಾ ಒಳಗೆ. ಅದೇ ಮೂತಿ."

ಟೀ ಬಂತು, ಖಾರ ಬಿಸ್ಕತ್ತು ಬಂತು. ಮಕ್ಕಳ ವಿಷಯ, ಮಂಡಿ ನೋವಿನ ವಿಷಯ, ನೀರಿನ ವಿಷಯ ಮುಗಿಯಿತು. ನಾನು ಚೀಲದಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಅವಳು ಬಳೆ ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಂದು ನನ್ ಹತ್ರ ಉಳ್ಕೊಂಡಿತ್ತು," ಎಂದೆ. ಆಮೇಲೆ ಎಲ್ಲ ಹೇಳಿದೆ. ತಲಿಸ್ತಾನ್, ಕಂಬೋರಾ, ಪೆರುಗಾಲ್ ಎಲ್ಲ ನನ್ನ ಕೈಬರಹ ಎಂದು ಹೇಳಿದೆ. ತರಬೇತಿಯಲ್ಲಿ ಆ ಹುಡುಗ ಹೇಳಿದ್ದನ್ನು ಹೇಳಿದೆ. "ತಪ್ಪಾಯ್ತು ತಸ್ನೀಮ್. ಮೋಸ ಮಾಡಿದ್ದು ನಾನು," ಎಂದೆ. ಇಷ್ಟು ಹೇಳುವಷ್ಟರಲ್ಲಿ ಟೀ ತಣ್ಣಗಾಗಿತ್ತು.

"ನಂಗೆ ಅವತ್ತೇ ಗೊತ್ತಿತ್ತು," ಎಂದಳು. "ಹದಿನೈದು ಊರಲ್ಲಿ ಒಂದರಿಂದ ಒಂದೂ ಶುರು ಆಗಲ್ಲ ಅಂದ್ರೆ ಅದೆಂಥ ಊರು. ಸರ್ವೀಸಲ್ಲೂ ಹಾಗೇ. ಮನೆಮನೆಗೆ ಹೋಗದೆ ಯಾರಾದ್ರೂ ಕೂತಲ್ಲೇ ಆಸ್ಪತ್ರೆ ಸರ್ವೆ ಲೆಕ್ಕ ಬರ್ಕೊಂಡ್ ಬಂದ್ರೆ ಕಣ್ಣಿಗೆ ಹೊಡೆಯೋದು. ವಾಪಸ್ ಕಳಿಸ್ತಿದ್ದೆ."

"ನನ್ ಮೇಲೆ ಕೋಪ ಇತ್ತಾ?"

"ಇತ್ತು. ಒಂದ್ ವರ್ಷ ಪೂರ್ತಿ ಇತ್ತು. ಆಮೇಲೆ ಮರ್ತೋಯ್ತು. ನೀನೇನ್ ಅಷ್ಟು ದೊಡ್ಡ ಮನುಷ್ಯಳಲ್ಲ ಬಿಡು, ಜೀವನ ಪೂರ್ತಿ ಕೋಪ ಮಾಡ್ಕೊಂಡಿರೋಕೆ."

ನಾನು ಅಟ್ಲಾಸ್ ತೆಗೆದು ಕೊನೆಯ ಪುಟ ಅವಳ ಮುಂದೆ ಇಟ್ಟೆ. ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಗೀಟುಗಳ ಮೇಲೆ ಬೆರಳಾಡಿಸಿದಳು.

"ಇದನ್ನ ನೋಡಿದ್ದೆಯಾ ಆಗ?"

"ನೋಡಿದ್ದೆ. ಅದಕ್ಕೇ ಬಾಯಿಪಾಠ ಮಾಡಿದೀಯ ಅಂದ್ಕೊಂಡಿದ್ದು."

"ಅರೆ, ಕದಿಯೋಳಾಗಿದ್ರೆ ನನ್ ನೋಟ್‌ಬುಕ್ಕಲ್ಲಿ ಬರ್ಕೊಳ್ತಿರ್ಲಿಲ್ವಾ? ನಿನ್ ಪುಸ್ತಕದಲ್ಲಿ ಯಾಕೆ ಬರೀತಿದ್ದೆ?"

ಅವಳು ಏಳರ ಸಾಲಿನ ಸುತ್ತ ಎಳೆದ ಗೆರೆಯ ಮೇಲೆ ಬೆರಳಿಟ್ಟಳು.

"ಏಳು ಏಳು ಅಂತ ದಿನಾ ಸೋತು ಅಳು ಮೂತಿ ಮಾಡ್ಕೊಂಡ್ ಹೋಗ್ತಿದ್ದೆ. ಬಾಯಲ್ಲಿ ಹೇಳಿದ್ರೆ ನೀನು ಕೇಳೋಳಲ್ಲ. ಏಳು ಎಷ್ಟಿದೆ, ಒಂದು ಎಷ್ಟಿದೆ, ನೀನೇ ನೋಡ್ಲಿ ಅಂತ ಎಣಿಸಿ ಬರ್ದಿದ್ದು. ವಾರ ಪೂರ್ತಿ ಎಣಿಸ್ದೆ. ನೀನು ಬಂದು ಇದೇನೇ ಅಂತ ಕೇಳ್ತೀಯ ಅಂತ ಕಾಯ್ತಿದ್ದೆ."

ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ. ನನ್ನ ಕಣ್ಣು ತುಂಬಿದ್ದು ಅವಳಿಗೆ ಕಂಡಿರಬೇಕು. ಎದ್ದು ಹೋಗಿ ಟೀ ಬಿಸಿ ಮಾಡಿಕೊಂಡು ಬಂದಳು. ಬಂದು ಕೂತವಳು ಬಳೆ ಚೂರುಗಳನ್ನು ಸರಿಯಾಗಿ ಎರಡು ಪಾಲು ಮಾಡಿ ಒಂದನ್ನು ನನ್ನ ಕಡೆ ತಳ್ಳಿದಳು. ಅಟ್ಲಾಸನ್ನು ಎತ್ತಿ ನನಗೆ ಕಾಣದ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡಳು.

"ಹೇಳು. ಆಸ್ಟ್ರಿಯಾ."

ನಲವತ್ತು ವರ್ಷದ ಮೇಲೆ ಕಲಿತ ಪಾಠವಲ್ಲವೇ. ಒಂದು ಕ್ಷಣವೂ ಯೋಚಿಸದೆ, "ಒಂದು," ಎಂದೆ.

ಅವಳು ಪುಸ್ತಕ ತಿರುಗಿಸಿ ನೋಡಿದಳು. ಬೆರಳು ಸಾಲಿನ ಮೇಲೆ ನಿಂತಿತು. ನಗಲು ಶುರುಮಾಡಿದವಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಕ್ಕಳು.

"ಏಳು ಕಣೇ," ಎಂದು ಹೇಳಿ, ನನ್ನ ಪಾಲಿನಿಂದ ಒಂದು ಹಸಿರು ಚೂರನ್ನು ಎತ್ತಿಕೊಂಡಳು.